ಕಬ್ಬಿಣದ ಬೂಟು

ಜಿಮ್ಮಿಗೆ ಹೋಗುವವರ ಬಾಯಲ್ಲಿ ‘ಮೂರು ಸೆಟ್, ಹತ್ತು ಸಲ’ ಎಂಬುದು ಮಂತ್ರದಂತೆ ಓಡಾಡುತ್ತದೆ. ಇದು ಪೈಲ್ವಾನರ ಅಖಾಡದಿಂದ ಬಂದಿರಬೇಕೆಂದೇ ನಾನು ಎಣಿಸಿದ್ದೆ. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಗಾಯಾಳು ಸೈನಿಕರ ಆಸ್ಪತ್ರೆ.

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳವು. ಅಮೆರಿಕದ ಸೇನಾ ಆಸ್ಪತ್ರೆಗಳು ಮೂಳೆ ಮುರಿದವರಿಂದ, ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದವರಿಂದ ತುಂಬಿದ್ದವು. ಗಾಯವೇನೋ ಮಾಯುತ್ತಿತ್ತು, ಆದರೆ ಬಹುಕಾಲ ಅಲುಗಾಡದೆ ಇದ್ದ ತೊಡೆಯ ಸ್ನಾಯು ಸೊರಗಿಹೋಗಿರುತ್ತಿತ್ತು. ಹಗುರ ತೂಕವನ್ನು ಮತ್ತೆ ಮತ್ತೆ ಎತ್ತಿಸುವುದು ಆಗಿನ ರೂಢಿ. ಭಾರ ಹೆಚ್ಚಿಸಲು ವೈದ್ಯರಿಗೆ ಅಳುಕು.

ಶಿಕಾಗೋದ ಗಾರ್ಡಿನರ್ ಸೇನಾ ಆಸ್ಪತ್ರೆಯ ತರುಣ ವೈದ್ಯ ಥಾಮಸ್ ಡಿಲೋರ್ಮ್‌ಗೆ ಆ ಅಳುಕಿರಲಿಲ್ಲ. ಹುಡುಗನಾಗಿದ್ದಾಗ ರುಮ್ಯಾಟಿಕ್ ಜ್ವರದಿಂದ ಹಾಸಿಗೆ ಹಿಡಿದು, ಆಮೇಲೆ ಭಾರ ಎತ್ತಿಯೇ ಮೈ ಗಟ್ಟಿ ಮಾಡಿಕೊಂಡವನು ಅವನು. ರೋಗಿಯ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಅದಕ್ಕೆ ತೂಕ ಸೇರಿಸಿ, ಮಡಿಸಿದ ಕಾಲನ್ನು ನೇರ ಮಾಡಿಸತೊಡಗಿದ. ಹತ್ತು ಸಲವಷ್ಟೇ ಎತ್ತಲಾಗುವ ತೂಕ ಎಷ್ಟೆಂದು ವಾರಕ್ಕೊಮ್ಮೆ ಅಳೆಯುವುದು, ಬಲ ಏರಿದಂತೆ ತೂಕವನ್ನೂ ಏರಿಸುವುದು: ಇಷ್ಟೇ ಅವನ ಪದ್ಧತಿ. 1945ರಲ್ಲಿ ಅದನ್ನು ಪ್ರಕಟಿಸಿದ. ಮೊದಲು ಏಳರಿಂದ ಹತ್ತು ಸುತ್ತು ಮಾಡಿಸುತ್ತಿದ್ದವನು, 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಜೊತೆ ಬರೆಯುವಾಗ ಮೂರೇ ಸಾಕೆಂದ. ಮೊದಲ ಸುತ್ತಿಗೆ ಆ ತೂಕದ ಅರ್ಧ, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ಪೂರ್ತಿ. ‘ಭಾರೀ ಪ್ರತಿರೋಧದ ವ್ಯಾಯಾಮ’ ಎಂಬ ಹೆಸರೂ ಹೋಗಿ ‘ಏರುತ್ತ ಹೋಗುವ ಪ್ರತಿರೋಧ’ ಎಂದಾಯಿತು.

ಏರುತ್ತ ಹೋಗಬೇಕೇಕೆ? ಮೊದಲ ಕೆಲವು ವಾರ ಹೆಚ್ಚುವ ಬಲ ಬಹುಪಾಲು ನರಗಳದು. ಇರುವ ಸ್ನಾಯುವಿನ ನಾರುಗಳನ್ನೇ ಚೆನ್ನಾಗಿ ದುಡಿಸಲು ಅವು ಕಲಿಯುತ್ತವೆ. ಮೊರಿಟಾನಿ ಮತ್ತು ಡಿವ್ರೀಸ್ 1979ರಲ್ಲಿ ಇದನ್ನು ಅಳೆದು ತೋರಿಸಿದರು. ನಾರುಗಳು ದಪ್ಪವಾಗುವುದು ಆಮೇಲೆ, ನಿಧಾನವಾಗಿ. ಅದಕ್ಕೆ ಊಟದಲ್ಲಿ ಪ್ರೋಟೀನು ಬೇಕು, ನಡುನಡುವೆ ಬಿಡುವೂ ಬೇಕು. ಒಗ್ಗಿಹೋದ ಭಾರವನ್ನೇ ಹೊರುತ್ತಿದ್ದರೆ ದೇಹ ಇದ್ದಲ್ಲೇ ಇರುತ್ತದೆ.

ಕನ್ನಡಿ ಮುಂದೆ ತೋಳು ಉಬ್ಬಿಸುವವರ ಸೊತ್ತೆನಿಸಿರುವ ಈ ಲೆಕ್ಕ, ನೆಟ್ಟಗೆ ನಿಲ್ಲಲಾರದವರಿಗಾಗಿ ಹುಟ್ಟಿದ್ದು ಎಂಬುದು ನನಗೆ ಮುಖ್ಯವೆನಿಸುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ಕಾಲಲ್ಲಿ ಶಕ್ತಿಯಿಲ್ಲ ಎಂದರೆ ಸಾಕು, ‘ಏಳಬೇಡಿ, ಕೂತಿರಿ, ನಾವೇ ತಂದುಕೊಡ್ತೀವಿ’ ಎನ್ನುತ್ತೇವೆ. ಅಕ್ಕರೆಯ ಮಾತೇ ಅದು. ಆದರೆ ಕೂತ ಕಾಲು ಇನ್ನಷ್ಟು ಸೊರಗುತ್ತದೆ. ಡಿಲೋರ್ಮ್‌ನ ಪದ್ಧತಿ ಶುರುವಾಗುತ್ತಿದ್ದುದು ಬೇರೆಯೇ ಪ್ರಶ್ನೆಯಿಂದ: ಇವತ್ತು ಎಷ್ಟು ಎತ್ತಬಲ್ಲಿರಿ?