ಎಳೆಯ ಮಕ್ಕಳ ಅಸ್ತಮಾ: ಉಸಿರಿನ ಮೂಲಕ ನೀಡುವ ಸ್ಟೀರಾಯ್ಡ್ ಚಿಕಿತ್ಸೆ

ಉಸಿರಿನ ಮೂಲಕ ನೀಡುವ ಸ್ಟೀರಾಯ್ಡ್‌ಗಳು ಅಸ್ತಮಾ ರೋಗದಲ್ಲಿ ಶ್ವಾಸನಾಳಗಳ ಒಳಪದರದ ಉರಿಯೂತವನ್ನು ತಗ್ಗಿಸುವ ಔಷಧಗಳು. ಗೂರಲು, ಉಬ್ಬಸ ಎಂಬ ಹೆಸರುಗಳೂ ಇರುವ ಈ ಕಾಯಿಲೆಯು ಐದು ವರ್ಷದೊಳಗಿನ ಮಕ್ಕಳನ್ನು ಮರಳಿ ಮರಳಿ ಕಾಡುವಾಗ, ಇವನ್ನು ಕಡಿಮೆ ಪ್ರಮಾಣದಲ್ಲಿ ಪ್ರತಿದಿನ ನೀಡುವುದು ಮೊದಲ ಆಯ್ಕೆಯ ನಿಯಂತ್ರಕ ಚಿಕಿತ್ಸೆಯಾಗಿದೆ. ಬೆಕ್ಲೊಮೆಥಾಸೋನ್, ಬ್ಯುಡೆಸೊನೈಡ್ ಮತ್ತು ಫ್ಲುಟಿಕಾಸೋನ್ ಈ ವರ್ಗದ ಮುಖ್ಯ ಔಷಧಗಳು. ಇವು ರೋಗವನ್ನು ಹತೋಟಿಯಲ್ಲಿಡುತ್ತವೆಯೇ ಹೊರತು ಬೇರುಸಹಿತ ಗುಣಪಡಿಸುವುದಿಲ್ಲ.

ಹಿನ್ನೆಲೆ

1950ರ ದಶಕದಲ್ಲಿ ಅಸ್ತಮಾಕ್ಕೆ ಸ್ಟೀರಾಯ್ಡ್‌ಗಳನ್ನು ಮಾತ್ರೆ ಹಾಗೂ ಚುಚ್ಚುಮದ್ದಿನ ರೂಪದಲ್ಲಿ ಕೊಡಲಾರಂಭಿಸಿದರು. ಗುಣ ಕಂಡರೂ, ಔಷಧವು ಇಡೀ ದೇಹಕ್ಕೆ ಹರಡುತ್ತಿದ್ದುದರಿಂದ ದೀರ್ಘಕಾಲ ಸೇವಿಸಿದ ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು, ಮುಖ ಊದಿಕೊಳ್ಳುವುದು ಮೊದಲಾದ ತೊಂದರೆಗಳು ತೋರಿದವು. 1972ರಲ್ಲಿ ಬ್ರಿಟನ್ನಿನಲ್ಲಿ ಬೆಕ್ಲೊಮೆಥಾಸೋನ್ ಇನ್‌ಹೇಲರ್ ಬಳಕೆಗೆ ಬಂದ ಮೇಲೆ ಔಷಧವನ್ನು ನೇರವಾಗಿ ಶ್ವಾಸನಾಳಕ್ಕೇ ತಲುಪಿಸುವುದು ಸಾಧ್ಯವಾಯಿತು.

ಕಾರ್ಯವಿಧಾನ

ಅಸ್ತಮಾದಲ್ಲಿ ಶ್ವಾಸನಾಳದ ಒಳಪದರ ಊದಿಕೊಂಡು, ಕಫ ಹೆಚ್ಚಿ, ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ಸಾಲ್ಬುಟಮಾಲ್‌ನಂತಹ ಉಪಶಮನಕಾರಿ ಔಷಧವು ಆ ಸ್ನಾಯುಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಆದರೆ ಮೂಲದ ಉರಿಯೂತವನ್ನು ಮುಟ್ಟುವುದಿಲ್ಲ. ಸ್ಟೀರಾಯ್ಡ್ ಉರಿಯೂತವನ್ನೇ ಶಮನಗೊಳಿಸುತ್ತದೆ. ಇದರ ಪೂರ್ಣ ಫಲ ಕಾಣಲು ದಿನಗಳಿಂದ ವಾರಗಳವರೆಗೆ ಬೇಕಾಗುವುದರಿಂದ ಉಬ್ಬಸ ಇಲ್ಲದ ದಿನಗಳಲ್ಲೂ ಔಷಧವನ್ನು ತಪ್ಪಿಸಬಾರದು.

ಯಾವ ಮಕ್ಕಳಿಗೆ

ಎಳೆಯ ಮಕ್ಕಳಲ್ಲಿ ಉಸಿರಿನೊಡನೆ ಸಿಳ್ಳೆಯಂತಹ ಸದ್ದು ಕೇಳಿಸಿದ ಮಾತ್ರಕ್ಕೆ ಅದು ಅಸ್ತಮಾ ಆಗಬೇಕಿಲ್ಲ. ವೈರಾಣುಗಳಿಂದ ಬರುವ ನೆಗಡಿಯಲ್ಲಿಯೂ ಈ ಸದ್ದು ಸಾಮಾನ್ಯ. ಬೆಳೆದಂತೆ ಅನೇಕ ಮಕ್ಕಳಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ಐದು ವರ್ಷದೊಳಗಿನವರಿಗೆ ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುವ ಊದುವ ಪರೀಕ್ಷೆಯನ್ನು ಮಾಡಿಸುವುದೂ ಕಷ್ಟ. ಆದ್ದರಿಂದ ಉಬ್ಬಸ ಪದೇ ಪದೇ ಬರುವುದು, ರಾತ್ರಿಯ ಕೆಮ್ಮು, ಆಡುವಾಗ ಅಥವಾ ನಗುವಾಗ ಏದುಸಿರು, ಮಗುವಿಗಿರುವ ಇಸುಬು, ತಂದೆತಾಯಿಯರಲ್ಲಿ ಅಸ್ತಮಾ ಇವನ್ನೆಲ್ಲ ಒಟ್ಟಾಗಿ ಗಮನಿಸಿ ವೈದ್ಯರು ನಿರ್ಧರಿಸುತ್ತಾರೆ. ಸಂದೇಹವಿದ್ದಾಗ ಎರಡು ಮೂರು ತಿಂಗಳು ಔಷಧವನ್ನು ಕೊಟ್ಟು ನೋಡಿ, ಗುಣ ಕಾಣದಿದ್ದರೆ ನಿಲ್ಲಿಸಿ ಬೇರೆ ಕಾರಣವನ್ನು ಹುಡುಕುವುದು ರೂಢಿ.

ನೀಡುವ ವಿಧಾನ

ಇನ್‌ಹೇಲರನ್ನು ಒತ್ತುವ ಗಳಿಗೆಯಲ್ಲೇ ಉಸಿರೆಳೆದುಕೊಳ್ಳುವುದು ಚಿಕ್ಕ ಮಕ್ಕಳಿಗೆ ಸಾಧ್ಯವಿಲ್ಲ. ಹಾಗಾಗಿ ಇನ್‌ಹೇಲರಿಗೆ ಸ್ಪೇಸರ್ ಎಂಬ ಟೊಳ್ಳು ಕೊಳವೆಯನ್ನು ಜೋಡಿಸುತ್ತಾರೆ. ಸುಮಾರು ಮೂರು ವರ್ಷದವರೆಗೆ ಸ್ಪೇಸರಿನ ತುದಿಗೆ ಮಾಸ್ಕ್ ಅಗತ್ಯ. ಅನಂತರ ತುಟಿಗಳಿಂದ ಹಿಡಿದುಕೊಳ್ಳುವ ಬಾಯ್ತುದಿ ಸಾಕಾಗುತ್ತದೆ. ಇನ್‌ಹೇಲರನ್ನು ಚೆನ್ನಾಗಿ ಅಲುಗಿಸಿ, ಮಾಸ್ಕನ್ನು ಮೂಗು ಬಾಯಿಗಳ ಮೇಲೆ ಸಂದಿಲ್ಲದಂತೆ ಇಟ್ಟು, ಒಮ್ಮೆ ಒತ್ತಿ, ಮಗು ಐದರಿಂದ ಹತ್ತು ಸಲ ಸಹಜವಾಗಿ ಉಸಿರಾಡಲು ಬಿಡಬೇಕು. ಎರಡನೆಯ ಪ್ರಮಾಣವಿದ್ದರೆ ಇದೇ ಕ್ರಮವನ್ನು ಮೊದಲಿನಿಂದ ಪುನರಾವರ್ತಿಸಬೇಕು. ಅಳುವ ಮಗುವಿನ ಶ್ವಾಸಕೋಶಕ್ಕೆ ಔಷಧ ತೀರ ಕಡಿಮೆ ತಲುಪುವುದರಿಂದ ಸಮಾಧಾನಪಡಿಸಿಯೇ ಕೊಡುವುದು ಒಳ್ಳೆಯದು. ಪ್ಲಾಸ್ಟಿಕ್ ಸ್ಪೇಸರನ್ನು ಸೌಮ್ಯ ಮಾರ್ಜಕದ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ ಗಾಳಿಯಲ್ಲಿ ಒಣಗಿಸಬೇಕು; ಒರೆಸಿದರೆ ಉಂಟಾಗುವ ಸ್ಥಿರ ವಿದ್ಯುತ್ತಿನಿಂದ ಔಷಧ ಕೊಳವೆಯ ಗೋಡೆಗೇ ಅಂಟಿಕೊಳ್ಳುತ್ತದೆ. ಸ್ಪೇಸರಿಗೆ ಒಗ್ಗದ ಮಕ್ಕಳಿಗೆ ನೆಬ್ಯುಲೈಸರ್ ಮೂಲಕ ಬ್ಯುಡೆಸೊನೈಡ್ ಕೊಡಬಹುದು.

ಸಂಶೋಧನೆಗಳು

ಅಮೆರಿಕದಲ್ಲಿ ಅಸ್ತಮಾದ ಅಪಾಯ ಹೆಚ್ಚಿದ್ದ ಎರಡು ಮೂರು ವರ್ಷದ 285 ಮಕ್ಕಳ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಎರಡು ವರ್ಷ ಫ್ಲುಟಿಕಾಸೋನ್ ಪಡೆದ ಮಕ್ಕಳಲ್ಲಿ ಆ ಅವಧಿಯಲ್ಲಿ ಕಾಯಿಲೆಯ ಲಕ್ಷಣಗಳು ಕಡಿಮೆಯಾದವು. ಆದರೆ ಔಷಧವನ್ನು ನಿಲ್ಲಿಸಿದ ಮೂರನೆಯ ವರ್ಷದಲ್ಲಿ ಆ ಪ್ರಯೋಜನ ಉಳಿಯಲಿಲ್ಲ. ಚಿಕಿತ್ಸೆಯು ರೋಗದ ಸಹಜ ಗತಿಯನ್ನು ಬದಲಿಸುವುದಿಲ್ಲವೆಂದು ಇದರಿಂದ ತಿಳಿದುಬಂದಿತು.

ಅಡ್ಡಪರಿಣಾಮಗಳು

ಬಾಯಿಯಲ್ಲಿ ಶಿಲೀಂಧ್ರದ ಬಿಳಿ ಮಚ್ಚೆ ಮತ್ತು ಗಂಟಲು ಒಡೆಯುವುದು ಸಾಮಾನ್ಯ ತೊಂದರೆಗಳು. ಔಷಧದ ನಂತರ ಬಾಯಿ ಮುಕ್ಕಳಿಸುವುದರಿಂದ, ಪುಟ್ಟ ಮಕ್ಕಳಿಗಾದರೆ ನೀರು ಕುಡಿಸಿ ಮುಖ ಒರೆಸುವುದರಿಂದ ಇವು ಕಡಿಮೆಯಾಗುತ್ತವೆ.

ಎತ್ತರದ ಮೇಲಿನ ಪರಿಣಾಮ ಅಲ್ಪವಾದರೂ ನಿಜವಾದುದು. ಐದರಿಂದ ಹನ್ನೆರಡು ವರ್ಷದ 1,041 ಮಕ್ಕಳನ್ನು ಒಳಗೊಂಡ ಉತ್ತರ ಅಮೆರಿಕದ ಅಧ್ಯಯನದಲ್ಲಿ, ಬ್ಯುಡೆಸೊನೈಡ್ ಪಡೆದವರು ಪ್ರೌಢರಾದಾಗ, ಔಷಧವಿಲ್ಲದ ಹುಸಿ ಇನ್‌ಹೇಲರ್ ಪಡೆದವರಿಗಿಂತ ಸರಾಸರಿ 1.2 ಸೆಂ.ಮೀ. ಗಿಡ್ಡರಾಗಿದ್ದರು. ಹೆಚ್ಚಿನ ಪ್ರಮಾಣವನ್ನು ಬಹುಕಾಲ ನೀಡಿದಾಗ ಅಡ್ರಿನಲ್ ಗ್ರಂಥಿಯ ಕಾರ್ಯ ಕುಗ್ಗುವ ಅಪಾಯವಿದೆ. ಆದುದರಿಂದ ರೋಗವನ್ನು ಹತೋಟಿಯಲ್ಲಿಡುವ ಅತಿ ಕಡಿಮೆ ಪ್ರಮಾಣವನ್ನೇ ಬಳಸಿ, ಮಗುವಿನ ಎತ್ತರವನ್ನು ನಿಯತವಾಗಿ ಅಳೆಯುತ್ತಾರೆ. ಇನ್ನೊಂದೆಡೆ, ಹತೋಟಿಯಲ್ಲಿಲ್ಲದ ಅಸ್ತಮಾವೂ ಬೆಳವಣಿಗೆಯನ್ನು ಕುಂದಿಸಬಲ್ಲದು. ತೀವ್ರ ಉಬ್ಬಸ ಪ್ರಾಣಾಪಾಯವನ್ನೂ ತರಬಲ್ಲದು.

ತಪ್ಪು ಕಲ್ಪನೆಗಳು

ಇನ್‌ಹೇಲರ್ ಚಟವಾಗುತ್ತದೆ, ಅದು ಕೊನೆಯ ಹಂತದ ಔಷಧ ಎಂಬ ನಂಬಿಕೆಗಳು ಭಾರತದಲ್ಲಿ ವ್ಯಾಪಕವಾಗಿವೆ. ಈ ಸ್ಟೀರಾಯ್ಡ್‌ಗಳು ಚಟ ಹಿಡಿಸುವುದಿಲ್ಲ. ಮೈಕಟ್ಟು ಬೆಳೆಸಲು ಕೆಲವರು ಬಳಸುವ ಸ್ಟೀರಾಯ್ಡ್‌ಗಳೂ ಇವೂ ಬೇರೆ ಬೇರೆ. ಕೆಮ್ಮು ನಿಂತಿತೆಂದು ಮನೆಯವರೇ ಔಷಧವನ್ನು ಬಿಡಿಸುವುದು ಉಬ್ಬಸ ಮರುಕಳಿಸಲು ಒಂದು ಮುಖ್ಯ ಕಾರಣ. ಪ್ರಮಾಣವನ್ನು ಇಳಿಸುವುದೂ ನಿಲ್ಲಿಸುವುದೂ ವೈದ್ಯರ ಸಲಹೆಯಂತೆ ನಡೆಯಬೇಕು.

ತುರ್ತು ಸ್ಥಿತಿ

ಉಬ್ಬಸ ಉಲ್ಬಣಿಸಿದಾಗ ಈ ಔಷಧ ತಕ್ಷಣದ ಪರಿಹಾರ ನೀಡುವುದಿಲ್ಲ. ಆಗ ಉಪಶಮನಕಾರಿ ಇನ್‌ಹೇಲರ್ ಬೇಕು. ಮಗುವಿಗೆ ಮಾತನಾಡಲು ಅಥವಾ ಹಾಲು ಕುಡಿಯಲು ಆಗದಿದ್ದರೆ, ಉಸಿರೆಳೆದಾಗ ಪಕ್ಕೆಲುಬುಗಳ ನಡುವೆ ಗುಳಿ ಬಿದ್ದರೆ, ತುಟಿ ನೀಲಿಗಟ್ಟಿದರೆ, ಇಲ್ಲವೇ ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.