ಮಾಯೆಯನ್ನು ಕಳಿಸಿದವರಾರು?

ನಮ್ಮ ಕಡೆ ಗಂಡಸು ದಾರಿ ತಪ್ಪಿದರೆ ‘ಯಾವಳೋ ಮರುಳು ಮಾಡಿದಳು’ ಎನ್ನುವುದು ವಾಡಿಕೆ. 2003ರಲ್ಲಿ ಅಮೆರಿಕದ ಟೀವಿಯಲ್ಲಿ ಬಂದ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ದಲ್ಲೂ ಚೆಲುವೆಯ ರೂಪದ ಯಂತ್ರವೊಂದು ವಿಜ್ಞಾನಿಯನ್ನು ಒಲಿಸಿಕೊಂಡು ಮನುಷ್ಯರ ರಕ್ಷಣೆಯ ಗುಟ್ಟನ್ನೇ ಪಡೆಯುತ್ತದೆ. ಇಂಥ ಕಥೆಯನ್ನು ಚಾಮರಸ 15ನೇ ಶತಮಾನದಲ್ಲೇ ‘ಪ್ರಭುಲಿಂಗಲೀಲೆ’ಯಲ್ಲಿ ಹೇಳಿದ್ದ: ಅಲ್ಲಮನನ್ನು ಸೋಲಿಸಲು ಪಾರ್ವತಿ ತನ್ನ ತಾಮಸಕಳೆಯನ್ನೇ ಮಾಯೆಯೆಂಬ ರಾಜಕುಮಾರಿಯಾಗಿ ಬನವಸೆಯಲ್ಲಿ ಹುಟ್ಟಿಸುತ್ತಾಳೆ. ಅಲ್ಲಮ ಸೋಲಲಿಲ್ಲ.

ಅವನ ವಚನಗಳನ್ನು ಸಂವಾದವಾಗಿ ಪೋಣಿಸಿದ ‘ಶೂನ್ಯಸಂಪಾದನೆ’ಗಳಲ್ಲಿ ಒಂದು ನಮ್ಮ ತುಮಕೂರಿನ ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯರದು. ಹೆಣ್ಣನ್ನು ಮಾಯೆ ಎಂದವರಿಗೆ ಅಲ್ಲಮ ತೋರಿಸಿದ್ದು ಅವರವರ ಆಸೆಯನ್ನು.

ಅವಳನ್ನು ಕಳಿಸಿದವರಾರು, ಮರುಳಾದವನು ಬಾಗಿಲು ತೆರೆದದ್ದೇಕೆ? ಈ ಎರಡು ಪ್ರಶ್ನೆ ಕೇಳದೆ ಯಾವ ಹೆಣ್ಣಿನ ಮೇಲೂ ತಪ್ಪು ಹೊರಿಸಬೇಡಿ ಎಂದು ನನ್ನ ತರಗತಿಯ ಹುಡುಗಿಯರಿಗೂ ಹುಡುಗರಿಗೂ ಹೇಳುತ್ತೇನೆ.