ಬೈಸಿಕಲ್ಲಿನ ಮೇಲೊಂದು ಮನೆ

ಪರದೇಶದ ಹಳ್ಳಿಗಾಡಿನಲ್ಲಿ ನೀವು ಒಬ್ಬರೇ ಬೈಸಿಕಲ್ಲೇರಿ ಹೊರಟಿದ್ದೀರಿ ಎಂದು ಒಂದು ಗಳಿಗೆ ಭಾವಿಸಿಕೊಳ್ಳಿ. ಹಗಲಿಗೇನೂ ಚಿಂತೆಯಿಲ್ಲ. ತುಳಿದಷ್ಟು ದಾರಿ ಸಾಗುತ್ತದೆ. ಹಸಿವಾದರೆ ಯಾವುದಾದರೊಂದು ಅಂಗಡಿಯಲ್ಲಿ ರೊಟ್ಟಿ ಸಿಕ್ಕೀತು. ಆದರೆ ಹೊತ್ತು ಮುಳುಗುತ್ತಲೂ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ: ಈ ರಾತ್ರಿ ತಲೆಯಿಡುವುದೆಲ್ಲಿ? ಮುಂದಿನ ಊರು ಇನ್ನೂ ದೂರ. ವಸತಿಗೃಹಕ್ಕೆ ತೆರುವಷ್ಟು ಹಣ ಕಿಸೆಯಲ್ಲಿಲ್ಲ. ಜತೆಯಲ್ಲಿ ಮಾತಿಗೂ ಒಬ್ಬರಿಲ್ಲ. ಬೈಸಿಕಲ್ ಪ್ರವಾಸದ ಚರಿತ್ರೆಯೆಂದರೆ ಚಕ್ರದ ಚರಿತ್ರೆಯೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಈ ರಾತ್ರಿಯ ಪ್ರಶ್ನೆಗೆ ಜನ ಉತ್ತರ ಕಂಡುಕೊಂಡ ಕಥೆಯೂ ಅಷ್ಟೇ ಸ್ವಾರಸ್ಯವಾದುದು.

ಮೊದಲಿಗೆ ಥಾಮಸ್ ಸ್ಟೀವನ್ಸನ ವಿಚಾರ ಕೇಳಿ. ಈತ 1854ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿದ್ದವನು. 1884ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕೆ ಮುಖ ಮಾಡಿ ಹೊರಟ. ಆತನ ಬೈಸಿಕಲ್ಲು ನಾವು ಬಲ್ಲಂಥದಲ್ಲ. ಮುಂದೆ ಐವತ್ತು ಅಂಗುಲದ ಭಾರಿ ಚಕ್ರ, ಹಿಂದೆ ಒಂದು ಪುಟ್ಟ ಚಕ್ರ. ಸಾಮಾನೆಂದರೆ ಕಾಲುಚೀಲ, ಮತ್ತೊಂದು ಅಂಗಿ, ಒಂದು ರಿವಾಲ್ವರು, ಒಂದು ಮಳೆಯಂಗಿ. ಮಳೆ ಬಂದಾಗ ಅದು ಕೋಟು. ಕತ್ತಲಾದರೆ ಅದೇ ಹಾಸಿಗೆ, ಅದೇ ಗುಡಾರ! ಆಗಸ್ಟ್ 4ರಂದು ಆತ ಬಾಸ್ಟನ್ ನಗರವನ್ನು ಮುಟ್ಟಿದ. ಮರುವರ್ಷ ಯೂರೋಪು, ತುರ್ಕಿ, ಪರ್ಷಿಯಾಗಳನ್ನು ಹಾದ. ಆಫ್ಘಾನಿಸ್ತಾನದಲ್ಲಿ ಆತನನ್ನು ತಡೆದು ಹಿಂದಕ್ಕೆ ಕಳುಹಿಸಲಾಗಿ, ಸುತ್ತಿಬಳಸಿ ಭಾರತಕ್ಕೆ ಬಂದು, 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಸವಾರಿ ಮಾಡಿದ. ಆ ವರ್ಷ ಡಿಸೆಂಬರ್ 17ರಂದು ಜಪಾನಿನ ಯೊಕೊಹಾಮದಲ್ಲಿ ಯಾತ್ರೆ ಮುಗಿದಾಗ ಚಕ್ರದ ಮೇಲೆ ಸುಮಾರು 13,500 ಮೈಲಿ ಕ್ರಮಿಸಿದ್ದ.

ಇದು ಎದೆಗಾರನ ದಾರಿ. ವಾರಕ್ಕೊಂದು ರಜೆಯಿರುವ ಗುಮಾಸ್ತನೋ ಅಂಗಡಿಯ ಆಳೋ ಮಳೆಯಂಗಿಯೊಂದನ್ನೇ ನಂಬಿ ಹೊರಡಲಾರ. ಅಂಥವರಿಗೂ ದಾರಿ ತೋರಿಸಿದವನು ಲಂಡನ್ನಿನ ಒಬ್ಬ ದರ್ಜಿ. ಹೆಸರು ಥಾಮಸ್ ಹೈರಮ್ ಹೋಲ್ಡಿಂಗ್. 1853ರಲ್ಲಿ, ಒಂಬತ್ತು ವರ್ಷದ ಬಾಲಕನಾಗಿದ್ದಾಗ, ಈತ ತಂದೆತಾಯಿಯರೊಡನೆ ಅಮೆರಿಕದ ಹುಲ್ಲುಗಾವಲುಗಳನ್ನು ಬಂಡಿಗಳ ಸಾಲಿನಲ್ಲಿ ದಾಟಿದ್ದ. ಬಯಲಿನಲ್ಲಿ ಬೀಡುಬಿಡುವ ಆ ರುಚಿ ಜೀವಮಾನವಿಡೀ ಬಿಡಲಿಲ್ಲ.

ಹೋಲ್ಡಿಂಗನ ಕಾಲಕ್ಕೆ ಬೈಸಿಕಲ್ಲೂ ಮಾರ್ಪಟ್ಟಿತ್ತು. 1885ರಲ್ಲಿ ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳ ರೋವರ್ ಬೈಸಿಕಲ್ಲು ಬಂತು. 1888ರಲ್ಲಿ ಡನ್‌ಲಪ್ಪನ ಗಾಳಿ ತುಂಬುವ ಟೈರು ಬಂತು. ಇನ್ನು ಉಳಿದದ್ದು ಭಾರದ ಸಮಸ್ಯೆ. ಸೈನ್ಯದ ಗುಡಾರವನ್ನು ಹೊರಲು ಹೇಸರಗತ್ತೆ ಬೇಕು, ಗಾಡಿ ಬೇಕು. ಸವಾರನಿಗೆ ಇರುವುದು ಎರಡು ಕಾಲು ಮಾತ್ರ. ಏರುದಾರಿಯಲ್ಲಿ ಒಂದೊಂದು ಪೌಂಡೂ ಹತ್ತು ಪೌಂಡಿನಂತೆ ತೂಗುತ್ತದೆಂಬುದನ್ನು ಸಾಮಾನು ಕಟ್ಟಿಕೊಂಡು ತುಳಿದವರೆಲ್ಲ ಬಲ್ಲರು. ಬಟ್ಟೆಯ ಗುಣ ಬಲ್ಲ ದರ್ಜಿ ಇಲ್ಲಿ ತನ್ನ ವಿದ್ಯೆಯನ್ನೇ ಹೂಡಿದ. ದಪ್ಪ ಕ್ಯಾನ್ವಾಸಿಗೆ ಬದಲು ತೆಳುವಾದ ರೇಷ್ಮೆಯನ್ನು ಕತ್ತರಿಸಿ, ಮಡಿಸಿದರೆ ಸಣ್ಣ ಗಂಟಾಗುವ ಗುಡಾರ ಹೊಲಿದ. ಅಡಿಗೆಗೆ ಪುಟ್ಟದೊಂದು ಪ್ರೈಮಸ್ ಸ್ಟೌ. ಸ್ವೀಡನ್ನಿನಲ್ಲಿ 1892ರಲ್ಲಿ ಹುಟ್ಟಿದ ಆ ಸೀಮೆಎಣ್ಣೆಯ ಒಲೆ, ಮುಂದೆ ನಮ್ಮ ಅಡಿಗೆಮನೆಗಳಲ್ಲಿ ಪಂಪ್ ಸ್ಟೌ ಎಂದು ಭರ್ರೆನ್ನುತ್ತಿದ್ದುದರ ಮೂಲಪುರುಷ.

ಇಂಥ ಸಲಕರಣೆಯನ್ನು ಕಟ್ಟಿಕೊಂಡು, ಕೆಲವು ಸಂಗಡಿಗರೊಡನೆ, 1897ರಲ್ಲಿ ಐರ್ಲೆಂಡಿನ ಪಶ್ಚಿಮ ಭಾಗದ ಕಾನೆಮಾರ ಸೀಮೆಯಲ್ಲಿ ಹೋಲ್ಡಿಂಗ್ ತಿರುಗಾಡಿದ. ಮರುವರ್ಷ ಅದನ್ನು ಕುರಿತು ಪುಸ್ತಕ ಬರೆದು, ಆಸಕ್ತರು ತನಗೆ ಬರೆಯಬೇಕೆಂದು ಕೇಳಿಕೊಂಡ. ಅದರ ಫಲವಾಗಿ 1901ರಲ್ಲಿ ವಾಂಟೇಜ್ ಎಂಬ ಊರಿನಲ್ಲಿ ಬೆರಳೆಣಿಕೆಯ ಸದಸ್ಯರಿಂದ ಸೈಕಲ್ ಶಿಬಿರಾರ್ಥಿಗಳ ಸಂಘವೊಂದು ಹುಟ್ಟಿತು. ಅದೇ ಬೆಳೆದು ಇಂದು ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್ ಎಂಬ ದೊಡ್ಡ ಸಂಸ್ಥೆಯಾಗಿದೆ. ದಕ್ಷಿಣ ಧ್ರುವಕ್ಕೆ ಹೋಗಿ ಮಡಿದ ಕ್ಯಾಪ್ಟನ್ ಸ್ಕಾಟ್ ಅದರ ಅಧ್ಯಕ್ಷನಾಗಿದ್ದ. 1908ರಲ್ಲಿ ಹೋಲ್ಡಿಂಗ್ ಬರೆದ ಶಿಬಿರವಾಸದ ಕೈಪಿಡಿ ಈ ವಿದ್ಯೆಯನ್ನು ಬಹುಜನಕ್ಕೆ ಕಲಿಸಿತು.

ಅಲ್ಲಿಗೆ ಸಮಸ್ಯೆ ತೀರಿತೆ? ಇಲ್ಲ. ಗುಡಾರ ಹಗುರವಾಯಿತು, ನಿಜ. ಆದರೆ ಅದರ ಗೂಟ ಬಡಿಯಲು ಮೂರು ಮೊಳ ನೆಲ ಬೇಕಲ್ಲ! ಆ ನೆಲ ಯಾರದು? ಇಂಗ್ಲೆಂಡಿನಲ್ಲಿ ಹೊಲಕ್ಕೂ ಗುಡ್ಡಕ್ಕೂ ಒಡೆಯನಿದ್ದಾನೆ. ಅವನನ್ನು ಕೇಳದೆ ಬೀಡುಬಿಡುವ ಹಕ್ಕು ಸಾಮಾನ್ಯವಾಗಿ ಇಲ್ಲ. ಪಕ್ಕದ ಸ್ಕಾಟ್‌ಲೆಂಡಿನಲ್ಲಿ 2003ರ ಕಾನೂನು ನಡೆಯುವವನಿಗೂ ಸೈಕಲ್ ಸವಾರನಿಗೂ ಬಹುಪಾಲು ಬಯಲುಗಳಲ್ಲಿ ಜವಾಬ್ದಾರಿಯಿಂದ ಓಡಾಡುವ, ತಂಗುವ ಹಕ್ಕನ್ನು ಕೊಟ್ಟಿದೆ. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಗುಡ್ಡಗಾಡಿನಲ್ಲಿ ಈ ಹಕ್ಕಿಗಾಗಿ ವ್ಯಾಜ್ಯವೇ ನಡೆಯಿತು. 2023ರ ಜನವರಿಯಲ್ಲಿ ನ್ಯಾಯಾಲಯ ಹಕ್ಕಿಲ್ಲವೆಂದಿತು. ಅದೇ ಜುಲೈಯಲ್ಲಿ ಮೇಲಿನ ನ್ಯಾಯಾಲಯ ಉಂಟೆಂದಿತು. 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಒಂದು ತಮಾಷೆಯೆಂದರೆ, ಅಲ್ಲಿನ ಕಾಯಿದೆ ಆ ಹಕ್ಕನ್ನು ಕೊಡುವುದು ಕಾಲ್ನಡಿಗೆಯವನಿಗೆ ಮತ್ತು ಕುದುರೆಯವನಿಗೆ. ನಮ್ಮ ಸವಾರ ಬೈಸಿಕಲ್ಲನ್ನು ಬಿಟ್ಟು ಗಂಟು ಹೊತ್ತು ನಡೆಯಬೇಕು!

ಆದ್ದರಿಂದ ಒಂಟಿ ಸವಾರನ ಮುಖ್ಯವಾದ ಸಲಕರಣೆ ಇವತ್ತಿಗೂ ಅವನ ನಾಲಗೆಯೇ. ಹೊತ್ತು ಮುಳುಗುವ ಮೊದಲು ರೈತನ ಬಾಗಿಲು ತಟ್ಟಿ, ಟೋಪಿ ತೆಗೆದು, ಇವತ್ತೊಂದು ರಾತ್ರಿ ಹೊಲದ ಅಂಚಿನಲ್ಲಿ ಮಲಗಲೇ ಎಂದು ವಿನಯದಿಂದ ಕೇಳಬೇಕು. ಬೆಳಗ್ಗೆ ಹೊರಡುವಾಗ ಬಾಗಿದ ಹುಲ್ಲಿನ ಹೊರತು ಬೇರೆ ಗುರುತು ಬಿಡದೆ ಹೋಗಬೇಕು. ಈ ಎರಡನ್ನೂ ಅರಿತವನು ಎಲ್ಲಿ ಹೋದರೂ ಪರದೇಶಿಯಲ್ಲ. ನಿಮ್ಮ ಊರಿನ ತೋಟದ ಬಾಗಿಲಲ್ಲಿಯೂ ಒಂದು ಸಂಜೆ ಅಂಥವನೊಬ್ಬ ಧೂಳುಮೈಯಲ್ಲಿ ಬಂದು ನಿಂತಾನು. ಆಗ ಏನೆಂದು ಉತ್ತರ ಕೊಡುತ್ತೀರಿ, ಈಗಲೇ ಯೋಚಿಸಿಡಿ.